ಗುಜರಿಯಿಂದ ಎದ್ದ ನಾಡು, ಬಿದ್ದು ಎದ್ದ ಸವಾರ

ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಜಪಾನಿನ ಹಮಾಮಾತ್ಸು ನಗರದಲ್ಲಿ ಸೊಯಿಚಿರೊ ಹೋಂಡಾ ಒಂದು ಸಣ್ಣ ಶೆಡ್ ಹಾಕಿಕೊಂಡು ಕೆಲಸಕ್ಕೆ ಕೂತರು. ಊರು ಬಾಂಬಿಗೆ ಸುಟ್ಟಿತ್ತು. ಪೆಟ್ರೋಲಿಗೆ ರೇಷನ್ ಇತ್ತು. ಸೈನ್ಯದವರು ರೇಡಿಯೊ ನಡೆಸಲು ಬಳಸಿ ಬಿಟ್ಟಿದ್ದ ಪುಟ್ಟ ಎಂಜಿನ್‌ಗಳು ಅವರ ಕೈಗೆ ಸಿಕ್ಕವು. ಅವನ್ನು ಬಿಚ್ಚಿ, ತಿದ್ದಿ, ಸೈಕಲ್ಲಿಗೆ ಕೂಡಿಸಿದರು. ಮೊದಲ ಮಾದರಿಗೆ ಪೆಟ್ರೋಲ್ ಟ್ಯಾಂಕ್ ಇಲ್ಲದಿದ್ದಾಗ, ಚಳಿಗಾಲದಲ್ಲಿ ಹಾಸಿಗೆ ಬೆಚ್ಚಗಿಡಲು ಬಿಸಿನೀರು ತುಂಬುವ ಮನೆಯ ಡಬ್ಬಿಯೇ ಟ್ಯಾಂಕ್ ಆಯಿತು.

ಧಾರಾವಿಯಲ್ಲಿ ಇದನ್ನು ಓದುವವರಿಗೆ ಹೆಚ್ಚಿನ ವಿವರಣೆ ಬೇಕಿಲ್ಲ. ಮುಂಬೈ ಬಿಸಾಡಿದ ಪ್ಲಾಸ್ಟಿಕ್ಕು, ತಗಡು, ಡಬ್ಬಗಳು ಇಲ್ಲಿನ ಹದಿಮೂರನೇ ಕಂಪೌಂಡಿನಲ್ಲಿ ದಿನಬೆಳಗಾದರೆ ಮತ್ತೆ ಸರಕಾಗಿ ಹೊರಬೀಳುತ್ತವೆ. ಕಲಬುರಗಿ, ವಿಜಯಪುರ ಕಡೆಯಿಂದ ಬಂದ ಕನ್ನಡಿಗರೂ ಈ ದುಡಿಮೆಯ ಊರಿನಲ್ಲಿ ನೆಲೆ ಕಂಡಿದ್ದಾರೆ. ಹಮಾಮಾತ್ಸುವಿನ ಆ ಶೆಡ್ಡು ಧಾರಾವಿಯ ಯಾವ ಗಲ್ಲಿಯಲ್ಲಿದ್ದರೂ ಹೊರಗಿನದು ಅನ್ನಿಸುತ್ತಿರಲಿಲ್ಲ. ಅಂಥ ಶೆಡ್ಡಿನಿಂದ ಜಗತ್ತಿನ ರೇಸ್ ಟ್ರ್ಯಾಕಿನವರೆಗೆ ಹೋದ ದಾರಿಯನ್ನು ತಿಳಿಯಬೇಕಾದರೆ ಕುನಿಮಿತ್ಸು ತಕಹಾಶಿ ಎಂಬ ಸವಾರನ ಬಾಳನ್ನು ತಿಳಿಯಬೇಕು.

ತಕಹಾಶಿ ಹುಟ್ಟಿದ್ದು 1940ರ ಜನವರಿ 29ರಂದು, ಟೋಕಿಯೊ ಪಶ್ಚಿಮದ ಕೊಗಾನೆಯಿಯಲ್ಲಿ. ಅವರು ಹುಡುಗನಾಗಿದ್ದಾಗ ಜಪಾನಿನಲ್ಲಿ ಡಾಂಬರಿನ ರೇಸ್ ಟ್ರ್ಯಾಕೇ ವಿರಳ. ದೇಶದ ದೊಡ್ಡ ಬೈಕ್ ರೇಸುಗಳು ನಡೆಯುತ್ತಿದ್ದುದು ಅಸಮಾ ಜ್ವಾಲಾಮುಖಿಯ ತಪ್ಪಲಿನಲ್ಲಿ, ಬೂದಿಮಣ್ಣಿನ ಹಾದಿಯ ಮೇಲೆ. ಅಲ್ಲಿ ಹೆಸರು ಮಾಡಿದ ತಕಹಾಶಿ 1960ರಲ್ಲಿ ಹೋಂಡಾ ತಂಡ ಸೇರಿ ಯೂರೋಪಿಗೆ ಹೊರಟರು.

ಆ ತಂಡದ ಬೆನ್ನಿಗೆ ಒಂದು ಶಪಥವಿತ್ತು. ಬ್ರಿಟನ್ ಬಳಿಯ ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ರೇಸ್ ಆಗ ಬೈಕ್ ಜಗತ್ತಿನ ಅತಿ ಕಠಿಣ ಪರೀಕ್ಷೆ. ಅದನ್ನು ಗೆಲ್ಲುತ್ತೇವೆಂದು ಸೊಯಿಚಿರೊ ಹೋಂಡಾ 1954ರಲ್ಲೇ ಸಾರಿದ್ದರು. ಅದೇ ವರ್ಷ ದ್ವೀಪಕ್ಕೆ ಹೋಗಿ ನೋಡಿದಾಗ ಯೂರೋಪಿನ ಎಂಜಿನ್‌ಗಳು ತಮ್ಮವಕ್ಕಿಂತ ಎಷ್ಟೋ ಮುಂದಿರುವುದು ಕಣ್ಣಿಗೆ ಕಂಡಿತು. ಮಾತು ಹಿಂತೆಗೆಯಲಿಲ್ಲ. ಐದು ವರ್ಷ ದುಡಿದು 1959ರಲ್ಲಿ ಮೊದಲ ಬಾರಿ ಕಣಕ್ಕಿಳಿದರು. 125 ಸಿಸಿ ವಿಭಾಗದಲ್ಲಿ ನವೋಮಿ ತಾನಿಗುಚಿ ಆರನೆಯವರಾಗಿ ಬಂದರು. ತಂಡಕ್ಕೆ ತಯಾರಕರ ಪ್ರಶಸ್ತಿ ದೊರೆಯಿತು.

ಎಂಜಿನ್ನಿನ ಮೂಲ ಸೂತ್ರ ಸರಳವಾಗಿತ್ತು, ಮಾಡುವುದು ಕಷ್ಟವಾಗಿತ್ತು. ಪಿಸ್ಟನ್ ಚಿಕ್ಕದಾದಷ್ಟೂ ಹಗುರ. ಹಗುರವಾದಷ್ಟೂ ಎಂಜಿನ್ ಬಿರುಸಾಗಿ ತಿರುಗಬಲ್ಲದು. ಹಾಗಾಗಿ ಹೋಂಡಾ ಎಂಜಿನಿಯರುಗಳು 250 ಸಿಸಿಯನ್ನು ನಾಲ್ಕು ಸಿಲಿಂಡರುಗಳಿಗೆ ಹಂಚಿದರು. ಒಂದೊಂದರ ಅಗಲ 44 ಮಿಲಿಮೀಟರ್, ಪಿಸ್ಟನ್ ಚಲಿಸುವ ದೂರ 41 ಮಿಲಿಮೀಟರ್. ಸಿಲಿಂಡರಿಗೆ ನಾಲ್ಕರಂತೆ ಹದಿನಾರು ವಾಲ್ವುಗಳು. 1961ರ ಆರ್‌ಸಿ162 ಬೈಕಿನ ಎಂಜಿನ್ ನಿಮಿಷಕ್ಕೆ 14,000 ಸುತ್ತು ತಿರುಗಿ ಸುಮಾರು 45 ಅಶ್ವಶಕ್ತಿ ಕೊಡುತ್ತಿತ್ತು.

1961ರ ಮೇ 14, ಭಾನುವಾರ. ಪಶ್ಚಿಮ ಜರ್ಮನಿಯ ಹಾಕನ್‌ಹೈಮ್ ಟ್ರ್ಯಾಕಿನಲ್ಲಿ 250 ಸಿಸಿ ಗ್ರ್ಯಾನ್ ಪ್ರೀ. ಆರ್‌ಸಿ162 ಏರಿದ ತಕಹಾಶಿಗೆ ಆಗ 21 ವರ್ಷ. ತಮ್ಮದೇ ತಂಡದ ಜಿಮ್ ರೆಡ್‌ಮನ್ ಅವರನ್ನು ಹಿಂದಿಕ್ಕಿ ಅವರು ಮೊದಲಿಗರಾಗಿ ಗುರಿ ಮುಟ್ಟಿದರು. ವಿಶ್ವ ಚಾಂಪಿಯನ್‌ಶಿಪ್‌ನ ಮೋಟಾರ್‌ ಸೈಕಲ್ ಗ್ರ್ಯಾನ್ ಪ್ರೀಯನ್ನು ಜಪಾನೀಯನೊಬ್ಬ ಗೆದ್ದದ್ದು ಅದೇ ಮೊದಲು. ಸೋತು ಹದಿನಾರು ವರ್ಷವೂ ತುಂಬದ ನಾಡು ಯೂರೋಪಿನ ನೆಲದಲ್ಲಿ, ತನ್ನ ಬೈಕಿನ ಮೇಲೆ, ತನ್ನ ಮಗನ ಕೈಯಲ್ಲಿ ಗೆದ್ದಿತ್ತು.

ಅದೇ ದಿನ ಅದೇ ಟ್ರ್ಯಾಕಿನಲ್ಲಿ 350 ಸಿಸಿ ವಿಭಾಗವನ್ನು ಗೆದ್ದವರು ಜೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಶ್ತ್ಯಾಸ್ತ್ನಿ. ಅವರ ಬೈಕು ಜಾವಾ. ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ, ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಅವರ ಪ್ರೋತ್ಸಾಹದಿಂದ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿ ಬೈಕು ತಯಾರಿಸಲು ತೊಡಗಿದ್ದೂ 1961ರಲ್ಲೇ. ಮೈಸೂರಿನದು ಜನ ಓಡಿಸುವ ಟು-ಸ್ಟ್ರೋಕ್ ಬೈಕು. ಶ್ತ್ಯಾಸ್ತ್ನಿಯವರದು ರೇಸಿಗೆಂದೇ ಮಾಡಿದ ಫೋರ್-ಸ್ಟ್ರೋಕ್. ಆದರೂ ಹೆಸರು ಒಂದೇ, ಕಾಲ ಒಂದೇ. ಜಪಾನ್ ಮತ್ತು ನಾವು ಬೈಕಿನ ದಾರಿಗೆ ಬಿದ್ದದ್ದು ಬಹಳ ಹಿಂದುಮುಂದಾಗಿ ಅಲ್ಲ.

ತಕಹಾಶಿ ಅದೇ ವರ್ಷ ಅಲ್‌ಸ್ಟರ್‌ನಲ್ಲಿ 125 ಸಿಸಿ ರೇಸ್ ಗೆದ್ದರು. 1962ರ ಋತುವಿನ ಆರಂಭದಲ್ಲೇ ಸ್ಪೇನ್, ಫ್ರಾನ್ಸ್ ಎರಡನ್ನೂ ಗೆದ್ದು ವಿಶ್ವ ಪಟ್ಟದ ಹೊಸ್ತಿಲಲ್ಲಿ ನಿಂತರು. ಜೂನ್ ತಿಂಗಳಲ್ಲಿ ಐಲ್ ಆಫ್ ಮ್ಯಾನ್ ಬಂತು. 125 ಸಿಸಿ ರೇಸಿನ ಮೊದಲ ಸುತ್ತಿನಲ್ಲೇ ಅವರು ಬಿದ್ದರು. ತೀವ್ರ ಗಾಯ, ಪ್ರಜ್ಞೆ ಮರಳಲು ದಿನಗಳೇ ಹಿಡಿದವು. ಅದೇ ಟಿಟಿಯಲ್ಲಿ ಅವರ ತಂಡದ ಟಾಮ್ ಫಿಲ್ಲಿಸ್ ಪ್ರಾಣ ಬಿಟ್ಟರು. ಹೋಂಡಾಕ್ಕೆ ಮೊಟ್ಟಮೊದಲ ಗ್ರ್ಯಾನ್ ಪ್ರೀ ಗೆಲುವು ತಂದುಕೊಟ್ಟಿದ್ದವರು ಫಿಲ್ಲಿಸ್ ಅವರೇ.

ಆಗಿನ ಸವಾರನಿಗೂ ಸಾವಿಗೂ ನಡುವೆ ಇದ್ದದ್ದು ಮುಖ ಮುಚ್ಚದ ಹೆಲ್ಮೆಟ್ ಮತ್ತು ಒಂದು ಪದರ ಚರ್ಮ. ಚರ್ಮದ ಬೆಲೆ ಧಾರಾವಿಗೆ ಗೊತ್ತು. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಇಲ್ಲಿ ಚರ್ಮ ಹದ ಮಾಡುತ್ತಿದ್ದರು. ಆ ಘಟಕಗಳು ಬಹುಪಾಲು ಹೊರಗೆ ಹೋದರೂ ಹೊಲಿಗೆಯ ಕೆಲಸ ಉಳಿದಿದೆ. ಬೈಕ್ ಜಾಕೆಟ್ ಹೊಲಿಯುವ ಕಾರೀಗರ ಭುಜಕ್ಕೂ ಮೊಣಕೈಗೂ ಎರಡು ಪದರ ಚರ್ಮ ಇಡುತ್ತಾನೆ. ಅಂಚನ್ನು ಮಡಿಸಿ, ಸುತ್ತಿಗೆಯಿಂದ ತಟ್ಟಿ ಮಟ್ಟಮಾಡಿ, ಮೊದಲ ಹೊಲಿಗೆಯ ಪಕ್ಕದಲ್ಲೇ ಇನ್ನೊಂದು ಸಾಲು ಓಡಿಸುತ್ತಾನೆ. ಡಾಂಬರಿಗೆ ಉಜ್ಜಿದಾಗ ಚರ್ಮಕ್ಕಿಂತ ಮೊದಲು ಬಿಚ್ಚಿಕೊಳ್ಳುವುದು ಹೊಲಿಗೆ.

ತಕಹಾಶಿ ಎದ್ದರು. 1964ರವರೆಗೆ ಬೈಕಿನ ಮೇಲಿದ್ದು, ಮುಂದೆ ಕಾರು ಹಿಡಿದರು. ನಿಸ್ಸಾನ್ ತಂಡದಲ್ಲಿ ಸ್ಕೈಲೈನ್ ಜಿಟಿ-ಆರ್ ಓಡಿಸಿ ಮನೆಮಾತಾದರು. 1977ರಲ್ಲಿ ಫ್ಯೂಜಿಯ ಫಾರ್ಮುಲಾ ಒನ್ ರೇಸಿನಲ್ಲಿ ಒಂಬತ್ತನೆಯವರಾದರು. 1985, 1986, 1987 ಮತ್ತು 1989ರಲ್ಲಿ ಪೋರ್ಷೆ ಓಡಿಸಿ ಜಪಾನಿನ ಸ್ಪೋರ್ಟ್ಸ್ ಪ್ರೊಟೊಟೈಪ್ ಪಟ್ಟ ಗೆದ್ದರು. 1995ರಲ್ಲಿ, ತಮ್ಮ 55ನೇ ವಯಸ್ಸಿನಲ್ಲಿ, ಫ್ರಾನ್ಸಿನ 24 ಗಂಟೆಗಳ ಲೆ ಮಾನ್ ರೇಸಿನ ಜಿಟಿ2 ವಿಭಾಗವನ್ನು ಕೆಯಿಚಿ ತ್ಸುಚಿಯಾ, ಅಕಿರಾ ಈಡಾ ಜೊತೆಗೂಡಿ ಗೆದ್ದಾಗ ಅವರ ಕೈಯಲ್ಲಿದ್ದದ್ದು ಮತ್ತೆ ಹೋಂಡಾ. 1999ರಲ್ಲಿ ನಿವೃತ್ತರಾಗಿ, ತಮ್ಮದೇ ಹೆಸರಿನ ತಂಡವನ್ನು ಮುನ್ನಡೆಸಿ, 2022ರ ಮಾರ್ಚ್ 16ರಂದು ತೀರಿಕೊಂಡರು.

ಈ ಬಾಳಿಗೆ ತಕಹಾಶಿಯವರ ಎದೆಗಾರಿಕೆ ಕಾರಣ, ನಿಜ. ಆದರೆ ಅದೊಂದೇ ಅಲ್ಲ. ತಪ್ಪುತ್ತಲೇ ಕಲಿಯುವ ಶೆಡ್ಡು ಅವರ ಹಿಂದೆ ಇತ್ತು. ಬೂದಿಹಾದಿ ಸಾಲದೆಂದು ಕಂಡಾಗ ಹೋಂಡಾ ಸುಜುಕಾದಲ್ಲಿ ಪೂರ್ಣ ಪ್ರಮಾಣದ ಟ್ರ್ಯಾಕನ್ನೇ ಕಟ್ಟಿ 1962ರಲ್ಲಿ ತೆರೆಯಿತು. ನಮ್ಮಲ್ಲಿ ಅದೇ ಕಾಲದ ಸವಾರರು ಮದ್ರಾಸ್ ಬಳಿಯ ಶೋಲಾವರಂನಲ್ಲಿ, ಪಾಳುಬಿದ್ದ ವಿಮಾನದ ಓಡುಹಾದಿಯ ಮೇಲೆ, ದಶಕಗಟ್ಟಲೆ ಸ್ಪರ್ಧಿಸಿದರು. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಹಮಾಮಾತ್ಸುವಿನ ಶೆಡ್ಡಿನ ಕುಡಿ ಈಗ ಕೋಲಾರದ ನರಸಾಪುರದಲ್ಲೇ ಕಾರ್ಖಾನೆ ನಡೆಸುತ್ತಿದೆ.

ಮುಂಬೈಯಲ್ಲಿ ಕುದುರೆ ಓಡಲು 1883ರಿಂದ ಮಹಾಲಕ್ಷ್ಮಿಯ ಮೈದಾನವಿದೆ. ಬೈಕ್ ಓಡಿಸಲು ಟ್ರ್ಯಾಕ್ ಇಲ್ಲ. ಹಾಗೆಂದು ರಾತ್ರಿಯ ಫ್ಲೈಓವರಿನಲ್ಲಿ ಪಣ ಕಟ್ಟಿ ಓಡುವ ಹುಡುಗರು ತಕಹಾಶಿಯ ವಾರಸುದಾರರಲ್ಲ. ಆ ಹುಡುಗರ ಸಾವಿನಿಂದ ಯಾವ ನಾಡೂ ಏನನ್ನೂ ಕಲಿಯದು. ಧಾರಾವಿಯನ್ನು ಹೊಸದಾಗಿ ಕಟ್ಟಲು ಹೊರಟವರು ಮನೆಗಳ ಲೆಕ್ಕದ ಜೊತೆಗೆ ಈ ಸಣ್ಣ ವರ್ಕ್‌ಶಾಪುಗಳಿಗೂ ಜಾಗ ಉಳಿಸಲಿ. ಆಳುವವರು ಹುಡುಗರಿಗೆ ಒಂದು ಸುರಕ್ಷಿತ ಟ್ರ್ಯಾಕ್ ಕೊಡಲಿ. ಜಪಾನಿಗೆ ಹಾಕನ್‌ಹೈಮಿನ ಗೆಲುವನ್ನು ತಂದದ್ದು ಅಂಥ ಶೆಡ್ಡೂ ಬೂದಿಹಾದಿಯೂ ಕೂಡಿದ ಹದಿನೈದು ವರ್ಷಗಳ ದುಡಿಮೆ.