ಕರ್ನಲ್ ಕಂಪೈಲ್ ಮಾಡೋ ಹಕ್ಕಿನ ಕಥೆ

ಸ್ವತಂತ್ರ ತಂತ್ರಾಂಶ ಅಂದ್ರೆ ಸೋರ್ಸ್ ಕೋಡ್ ಸಿಗೋದು, ಅಷ್ಟೇ ತಾನೇ ಅಂತ ತುಂಬಾ ಜನ ಕೇಳ್ತಾರೆ. ಅಷ್ಟೇ ಅಲ್ಲ. ಆ ಸೋರ್ಸನ್ನು ಕಂಪೈಲ್ ಮಾಡಿ ನಮ್ಮ ಯಂತ್ರದಲ್ಲಿ ಓಡಿಸೋಕೂ ಆಗಬೇಕು. ಲಿನಕ್ಸ್ ಕರ್ನಲ್‌ನ ಇತಿಹಾಸ ನೋಡಿದ್ರೆ ಇದು ಚೆನ್ನಾಗಿ ಗೊತ್ತಾಗುತ್ತೆ.

ಕರ್ನಲ್ ಅಂದ್ರೆ ಕಂಪ್ಯೂಟರಿನ ಮೆಮೊರಿ, ಡಿಸ್ಕು, ಕೀಲಿಮಣೆ ಎಲ್ಲವನ್ನೂ ನೋಡಿಕೊಳ್ಳೋ ಯಜಮಾನ. ಮನುಷ್ಯರು ಸಿ ಭಾಷೆಯಲ್ಲಿ ಬರೆದ ಅದರ ಸೋರ್ಸನ್ನು ಪ್ರೊಸೆಸರ್‌ಗೆ ಅರ್ಥವಾಗೋ ಹಾಗೆ ಮಾಡೋದೇ ಕಂಪೈಲ್.

ಲಿನಕ್ಸ್‌ಗೂ ಮೊದಲು, 1987ರಲ್ಲಿ, ಆಂಡ್ರ್ಯೂ ಟ್ಯಾನೆನ್‌ಬಾಮ್ ಅನ್ನೋ ಪ್ರೊಫೆಸರ್ ಪಾಠಕ್ಕೆಂದು ಮಿನಿಕ್ಸ್ ಬರೆದರು. ಸೋರ್ಸ್ ಓದಬಹುದಿತ್ತು. ಆದ್ರೆ ತಿದ್ದಿದ ಮಿನಿಕ್ಸನ್ನು ಇಡಿಯಾಗಿ ಹಂಚೋ ಹಾಗಿರಲಿಲ್ಲ! ಅದಕ್ಕೇ ಬ್ರೂಸ್ ಇವಾನ್ಸ್ 386 ಪ್ರೊಸೆಸರ್‌ಗಾಗಿ ಮಾಡಿದ ತಿದ್ದುಪಡಿಗಳು ಬರೀ ಪ್ಯಾಚ್‌ಗಳಾಗಿ ಓಡಾಡಿದವು. ಮಿನಿಕ್ಸ್ ಕೊಂಡು, ಪ್ಯಾಚ್ ಹಾಕಿ, ನೀವೇ ಕಂಪೈಲ್ ಮಾಡ್ಕೋಬೇಕಿತ್ತು.

ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬಳಸ್ತಾ ಇದ್ದದ್ದೂ ಇಂಥದ್ದೇ ಮಿನಿಕ್ಸ್. ಸೆಪ್ಟೆಂಬರ್ 1991ರಲ್ಲಿ ಆತ ಹೊರಬಿಟ್ಟ ಲಿನಕ್ಸ್ 0.01ರಲ್ಲಿ ಇದ್ದದ್ದು ಸುಮಾರು 10,000 ಸಾಲುಗಳ ಸೋರ್ಸ್. ಕಂಪೈಲ್ ಮಾಡೋಕೆ ಮಿನಿಕ್ಸೂ ಬೇಕು, ಜಿಸಿಸಿ ಕಂಪೈಲರೂ ಬೇಕು. ಕೀಲಿಮಣೆ ಬೇರೆ ಫಿನ್‌ಲೆಂಡಿನದ್ದು! ನಿಮ್ಮ ಹಾರ್ಡ್ ಡಿಸ್ಕಿನ ವಿವರವನ್ನೂ ಸೋರ್ಸ್ ಒಳಗೇ ಬರೀಬೇಕಿತ್ತು. ಅಂದ್ರೆ ಕಂಪೈಲ್ ಮಾಡೋದು ಆಗ ಶೋಕಿ ಅಲ್ಲ, ಅನಿವಾರ್ಯ. ಅದೇ ಡಿಸೆಂಬರಿನ 0.11ರ ಹೊತ್ತಿಗೆ ಲಿನಕ್ಸನ್ನು ಲಿನಕ್ಸಿನಲ್ಲೇ ಕಂಪೈಲ್ ಮಾಡೋ ಹಾಗಾಯ್ತು. ಮಿನಿಕ್ಸಿನ ಹಂಗು ತಪ್ಪಿತು.

ಮೊದಲು ಲಿನಕ್ಸನ್ನು ದುಡ್ಡು ತಗೊಂಡು ಹಂಚೋ ಹಾಗಿರಲಿಲ್ಲ. 1992ರಲ್ಲಿ ಲಿನಸ್ ಅದನ್ನು ಜಿಪಿಎಲ್ ಲೈಸೆನ್ಸ್‌ಗೆ ತಂದರು. ಕಂಪೈಲ್ ಮಾಡಿ ಇನ್‌ಸ್ಟಾಲ್ ಮಾಡೋಕೆ ಬೇಕಾದ ಸ್ಕ್ರಿಪ್ಟುಗಳೂ ಸೋರ್ಸಿನ ಭಾಗವೇ, ಅವನ್ನೂ ಕೊಡಬೇಕು ಅನ್ನೋದು ಜಿಪಿಎಲ್ ಎರಡನೇ ಆವೃತ್ತಿಯ ಮಾತು.

ಅಲ್ಲಿಗೆ ಮುಗೀತಾ? ಇಲ್ಲ. 1999ರಲ್ಲಿ ಅಮೆರಿಕದಲ್ಲಿ ಟಿವೊ ಅನ್ನೋ ಟಿವಿ ರೆಕಾರ್ಡರ್ ಬಂತು. ಒಳಗಿದ್ದದ್ದು ಲಿನಕ್ಸ್. ಕಂಪನಿ ಸೋರ್ಸ್ ಕೊಟ್ಟಿತು. ಆದ್ರೆ ನೀವು ತಿದ್ದಿ ಕಂಪೈಲ್ ಮಾಡಿದ ಕರ್ನಲ್‌ನಲ್ಲಿ ಕಂಪನಿಯ ಡಿಜಿಟಲ್ ಸಹಿ ಇರಲ್ಲವಲ್ಲ, ಹಾಗಾಗಿ ಪೆಟ್ಟಿಗೆ ಅದನ್ನು ಓಡಿಸ್ತಿರಲಿಲ್ಲ. ಊಟದ ಎಲೆ ಹಾಕಿ ಕೈ ಕಟ್ಟಿದ ಹಾಗೆ!

ಇದನ್ನು ತಡೆಯೋಕೆ ರಿಚರ್ಡ್ ಸ್ಟಾಲ್ಮನ್ ಅವರ ಬಳಗ 2007ರಲ್ಲಿ ಜಿಪಿಎಲ್ ಮೂರನೇ ಆವೃತ್ತಿ ತಂದಿತು. ಲಿನಸ್ ಒಪ್ಪಲಿಲ್ಲ. ಸೋರ್ಸ್ ವಾಪಸ್ ಕೊಟ್ಟರೆ ಸಾಕು, ಯಂತ್ರ ಹೇಗಿರಬೇಕು ಅಂತ ತಂತ್ರಾಂಶದ ಲೈಸೆನ್ಸ್ ಹೇಳಬಾರದು ಅನ್ನೋದು ಅವರ ವಾದ. ಕರ್ನಲ್ ಇಂದಿಗೂ ಎರಡನೇ ಆವೃತ್ತಿಯಲ್ಲೇ ಇದೆ.

ನಮ್ಮ ಜೇಬಿನ ಆಂಡ್ರಾಯ್ಡ್ ಫೋನಿನಲ್ಲೂ ಇರೋದು ಇದೇ ಕರ್ನಲ್. ಬೂಟ್‌ಲೋಡರಿಗೆ ಬೀಗ ಹಾಕಿದ್ದರೆ, ನಾವು ಕಂಪೈಲ್ ಮಾಡಿದ್ದು ಅಲ್ಲಿ ಓಡಲ್ಲ. ನನಗಂತೂ ಈ ವಿಷಯದಲ್ಲಿ ಸ್ಟಾಲ್ಮನ್ ಹೇಳಿದ್ದೇ ಸರಿ ಅನ್ನಿಸುತ್ತೆ. ದುಡ್ಡು ಕೊಟ್ಟು ಕೊಂಡ ಯಂತ್ರಕ್ಕೆ ಯಜಮಾನರು ನಾವಲ್ಲದೆ ಇನ್ಯಾರು? ನೀವೇನಂತೀರಾ?