ಹಿಮ ತಗಿಯೋ ಹಳೇ ಟ್ರ್ಯಾಕ್ಟರು, ಮತ್ತ ಅದನ್ನ ಸಾಕೋ ಮಂದಿ

ಅಮೇರಿಕಾದ ವಿಸ್ಕಾನ್ಸಿನ್, ಮಿಷಿಗನ್, ಮಿನೆಸೋಟಾ ಕಡೆ ಥಂಡಿ ಅಂದ್ರ ಶಾಲು ಹೊದ್ದು ಚಹಾ ಕುಡದ್ರ ಹೋಗೋ ಥಂಡಿ ಅಲ್ರಿ. ರಾತ್ರಿ ಮಲಗಿ ಮುಂಜಾನೆ ಎದ್ರ ಬಾಗಲ ಮುಂದ ಮೊಣಕಾಲ ಮಟ ಹಿಮ ಬಿದ್ದಿರ್ತದ. ಕಾರು ಹೊರಗ ಬರೂದಿಲ್ಲ, ಹುಡುಗ್ರು ಸಾಲಿ ಬಸ್ಸಿನ ತನಕ ನಡೀಲಿಕ್ಕೆ ದಾರಿ ಇರೂದಿಲ್ಲ. ಭಾಳ ಊರಾಗ ಮನಿ ಮುಂದಿನ ಫುಟ್‌ಪಾತ್ ಸ್ವಚ್ಛ ಮಾಡೋದು ಆ ಮನಿಯವರದ ಜವಾಬ್ದಾರಿ. ಮಾಡದಿದ್ರ ದಂಡ. ಒದ್ದಿ ಹಿಮ ಸಲಿಕೀಲೆ ಎತ್ತೋದು ಮಣ್ಣು ಹೊತ್ತಂಗ. ಆ ಥಂಡಿಯೊಳಗ ಎತ್ತಿ ಎತ್ತಿ ಹೃದಯಾಘಾತ ಆಗಿ ಹೋದವರ ಸುದ್ದಿ ಪ್ರತಿ ವರ್ಷ ಬರ್ತದ.

ಹಿಮ ತಗೀಲಿಕ್ಕೆ ಯಂತ್ರ ಹುಡುಕಿದವರೊಳಗ ದೊಡ್ಡ ಹೆಸರು ಕೆನಡಾದ ಕ್ವಿಬೆಕ್‌ನ ಆರ್ಥರ್ ಸಿಕಾರ್ಡ್ ಅವರದು. 1925ರಾಗ ಅವರು ಹಿಮ ಎತ್ತಿ ದೂರ ಒಗಿಯೋ ಯಂತ್ರ ಮಾಡಿದ್ರು. ರಾಶಿ ಮಾಡೋ ಯಂತ್ರ ನೋಡಿ ಈ ವಿಚಾರ ಹೊಳೀತು ಅಂತಾರ. ಆದ್ರ ಅದು ಲಾರಿ ಗಾತ್ರದ್ದು, ನಗರಸಭೆಯವರಿಗಷ್ಟ. ಮನೀ ಅಂಗಳದ ಕೆಲಸ ಇನ್ನೂ ಸಲಿಕೀದs ಇತ್ತು.

ಎರಡನೇ ಮಹಾಯುದ್ಧ ಮುಗಿದ ಮ್ಯಾಲೆ ಪರಿಸ್ಥಿತಿ ಬದಲಾತು. ಊರ ಹೊರಗ ಸಾಲು ಸಾಲು ಹೊಸ ಮನಿ ಎದ್ವು. ಮುಂದ ಹುಲ್ಲಿನ ಅಂಗಳ, ಬಾಜೂಕ ಕಾರಿನ ದಾರಿ. 1946ರಾಗ ಇಂಡಿಯಾನಾದ ಸೌತ್ ಬೆಂಡ್‌ನಾಗ ಎಲ್ಮರ್ ಪಾಂಡ್ ಮತ್ತ ಅವರ ಮಗ ಸೆಸಿಲ್ ಸಣ್ಣ ಟ್ರ್ಯಾಕ್ಟರ್ ಮಾಡ್ಲಿಕ್ಕೆ ಸುರು ಮಾಡಿದ್ರು. ಅದs ಮುಂದ ‘ವ್ಹೀಲ್ ಹಾರ್ಸ್’ ಆತು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1961ರ ಸುಮಾರಿಗೆ ‘ಕಬ್ ಕೆಡೆಟ್’ ತಂತು. 1963ರಾಗ ಜಾನ್ ಡಿಯರ್‌ನವರ ‘110’ ಬಂತು, 7 ಅಶ್ವಶಕ್ತಿದು. ಬ್ಯಾಸಿಗ್ಯಾಗ ಹುಲ್ಲು ಕತ್ತರಿಸೋದು, ಥಂಡಿಯೊಳಗ ಮುಂದ ಬ್ಲೇಡು ಇಲ್ಲಾ ಹಿಮ ಒಗಿಯೋ ಯಂತ್ರ ಕಟ್ಟೋದು, ಒಂದs ಗಾಡಿಗೆ ಎರಡು ಸಂಸಾರ!

ಇದರೊಳಗ ಹೆಣ್ಮಕ್ಕಳ ಮಾತೂ ಅದ. ಮೊದಲಿನ ಎಂಜಿನ್ ಹಗ್ಗ ಜಗ್ಗಿ ಚಾಲೂ ಮಾಡಬೇಕಿತ್ತು. ಕೀಲಿ ತಿರುವಿದ್ರ ಸಾಕು ಅನ್ನೋ ಗಾಡಿ ಬಂದ ಮ್ಯಾಲೆ ಮನ್ಯಾಗ ಗಂಡಸ್ರು ಇಲ್ಲದಿದ್ರೂ ದಾರಿ ಬಿಡಿಸಿಕೊಳ್ಳೋದು ಹಗರ ಆತು. 1969ರಾಗ ಜಾನ್ ಡಿಯರ್‌ನವರು ತಮ್ಮ ಹಸಿರು ಬಿಟ್ಟು ಬಿಳಿ ಗಾಡಿಗೆ ಕೆಂಪು, ಕಿತ್ತಳೆ, ನೀಲಿ, ಹಳದಿ ಸೀಟು ಮತ್ತ ಬಾನೆಟ್ ಹಾಕಿ ‘ಪ್ಯಾಟಿಯೋ’ ಅಂತ ತಂದ್ರು. ಸೀರಿ ಅಂಗಡ್ಯಾಗ ಆರಿಸಿದಂಗ ಬಣ್ಣ ಆರಿಸೋದು! ಕೆಲವs ವರ್ಷದಾಗ ಅದು ನಿಂತುಹೋತು. ಈಗ ಹಳೇ ಗಾಡಿ ಕೂಡಿಸೋರು ಅದನ್ನ ಹುಡುಕ್ಯಾಡ್ತಾರ.

ಅರವತ್ತು ವರ್ಷದ ಗಾಡಿ ಇನ್ನೂ ಓಡ್ತಾವಂದ್ರ ಕಾರಣ ಅದ. ಭಾಳಷ್ಟಕ್ಕ ಕೋಲರ್ ಕಂಪನಿಯ ಬೀಡಿನ ಎಂಜಿನ್. ನಮ್ಮ ಅಜ್ಜಿಯ ಬೀಡಿನ ಹಂಚು ಸೊಸಿ ಕಾಲಕ್ಕೂ ಬರೂದಿಲ್ಲೇನು, ಹಂಗ. ಒಳಗ ಸವೆದ್ರ ಸಿಲಿಂಡರ್ ಕೊರೆದು ದೊಡ್ಡ ಪಿಸ್ಟನ್ ಹಾಕಬಹುದು.

ಆದ್ರ ಉಪಚಾರ ಬೇಕು, ಅದೂ ಹಿಮ ಬೀಳೂಕಿಂತ ಮೊದಲು. ಬ್ಯಾಸಿಗಿಯ ಪೆಟ್ರೋಲ್ ಹಂಗs ಬಿಟ್ರ ಕಾರ್ಬೋರೇಟರಿನಾಗ ಅಂಟಾಗಿ ಕೂಡ್ತದ. ಅದನ್ನ ತೊಳೀಬೇಕು. ಎಣ್ಣಿ ತೆಳುವಾದದ್ದು ಹಾಕಬೇಕು. ದಪ್ಪನ್ನ ಎಣ್ಣಿ ಥಂಡಿಗೆ ತುಪ್ಪದಂಗ ಹೆಪ್ಪುಗಟ್ಟಿ ಎಂಜಿನ್ ತಿರುಗಗೊಡೂದಿಲ್ಲ. ಹಳೇ ಸ್ಕೂಟರಿನ್ಯಾಗ ಇರ್ತಿದ್ದಂಥ ಪಾಯಿಂಟ್ ಇದರಾಗೂ ಅವ. ಕೋಲರ್‌ನ ಈ ಎಂಜಿನ್ನಿಗೆ ಅದರ ಸಂದು ಸುಮಾರು ಅರ್ಧ ಮಿಲಿಮೀಟರ್ ಇರಬೇಕು. ಕೆಟ್ಟಿದ್ರ ಕಿಡಿ ಹಾರೂದಿಲ್ಲ. ಹಿಂದಿನ ಗಾಲಿಗೆ ಸರಪಳಿ, ಮ್ಯಾಲೆ ಕಬ್ಬಿಣದ ತೂಕ. ಇಲ್ಲಂದ್ರ ಗಾಲಿ ನಿಂತಲ್ಲೇ ಗಿರಗಿರ ತಿರುಗ್ತಾವ. ಹಿಮ ಎಳಕೊಳ್ಳೋ ಸುರುಳಿಗೆ ಒಂದು ಮೆತ್ತನ ಪಿನ್ನು ಇರ್ತದ. ಕಲ್ಲು ಸಿಕ್ಕ್ರ ತಾ ಮುರಿದು ಗೇರು ಉಳಸ್ತದ, ಕುಕ್ಕರಿನ ಸೇಫ್ಟಿ ವಾಲ್ವ್ ಹಂಗ. ಅದರ ಬದಲಿಗೆ ಗಟ್ಟಿ ಬೋಲ್ಟ್ ಹಾಕಿದ್ರ, ಮುಂದಿನ ಸಲ ಮುರಿಯೋದು ಗೇರs.

ಅಲ್ಲಿರೋ ನಿಮ್ಮ ಮಗಳಿಗೋ ಸೊಸಿಗೋ ಎರಡು ಮಾತು ಮರೀದs ಹೇಳ್ರಿ. ಮುಚ್ಚಿದ ಗ್ಯಾರೇಜಿನಾಗ ಎಂಜಿನ್ ಚಾಲೂ ಇಡಬ್ಯಾಡ್ರಿ, ಆ ಹೊಗಿಯ ವಿಷಕ್ಕ ವಾಸನಿ ಇರೂದಿಲ್ಲ. ಹಿಮ ಒಗಿಯೋ ಬಾಯಿ ಕಟ್ಟಿಕೊಂಡ್ರ ಕೈ ಹಾಕಬ್ಯಾಡ್ರಿ. ಎಂಜಿನ್ ಬಂದ್ ಮಾಡಿದ್ರೂ ಒಳಗಿನ ಬಿಗಿ ಉಳಿದು ಬ್ಲೇಡು ಒಮ್ಮೆ ತಿರುಗಿಬಿಡ್ತದ, ಬೆರಳು ಹೋದವರು ಇದ್ದಾರ. ಬಂದ್ ಮಾಡಿ, ಕೀಲಿ ತಗದು, ಕಟಗೀಲೆ ತಗೀರಿ. ದಾರಿ ಹತ್ತು ನಿಮಿಷ ತಡಾ ಆದ್ರ ಏನೂ ಆಗೂದಿಲ್ಲ.