ರುಮಾಲೆಯವರ ಭೂದೃಶ್ಯಚಿತ್ರಗಳು: ಚರಿತ್ರೆಯ ಒಂದು ಆಕರ

ನಗರಚರಿತ್ರೆಯ ಆಕರಗಳೆಂದರೆ ಶಾಸನ, ಕಡತ, ಭೂಪಟ, ವೃತ್ತಪತ್ರಿಕೆಗಳೆಂದು ಎಣಿಸುವುದು ನಮ್ಮಲ್ಲಿ ವಾಡಿಕೆ. ಭೂದೃಶ್ಯಚಿತ್ರವನ್ನು ಕಲಾವಿಮರ್ಶಕರ ಪಾಲಿಗೆ ಬಿಟ್ಟುಬಿಡುತ್ತೇವೆ. ಬೆಂಗಳೂರಿನ ಮಟ್ಟಿಗಾದರೂ ಇದು ಯುಕ್ತವಲ್ಲವೆಂಬುದಕ್ಕೆ ರುಮಾಲೆ ಚನ್ನಬಸವಯ್ಯನವರ (1910–1988) ಕೃತಿಗಳೇ ಸಾಕ್ಷಿ. ಅವರ ಹೆಸರಿನ ಕಲಾಗೃಹ ರಾಜಾಜಿನಗರದಲ್ಲಿದೆ.

ದೊಡ್ಡಬಳ್ಳಾಪುರದಲ್ಲಿ ಜನಿಸಿದ ರುಮಾಲೆಯವರು ಎ. ಎನ್. ಸುಬ್ಬರಾಯರ ಕಲಾಮಂದಿರದಲ್ಲಿ ಚಿತ್ರಾಭ್ಯಾಸ ಮಾಡಿದವರು. ಸ್ವಾತಂತ್ರ್ಯಸಂಗ್ರಾಮವು ಅವರ ಕೈಯಿಂದ ಕುಂಚವನ್ನು ಬಿಡಿಸಿತು. ಸೇವಾದಳದ ಕಾರ್ಯ, ಸೆರೆವಾಸ, ‘ತಾಯಿನಾಡು’ ಪತ್ರಿಕೆಯ ಸಂಪಾದಕತ್ವ, ಹೀಗೆ ಮೂರು ದಶಕಗಳು ಕಳೆದುವು. ಅವರು ಚಿತ್ರಕಲೆಗೆ ಮರಳಿದುದು 1960ರ ದಶಕದ ಆರಂಭದಲ್ಲಿ. ಮರಳಿದಾಗ ಆರಿಸಿಕೊಂಡ ವಸು, ತಾವು ಕಂಡುಂಡ ಚಳವಳಿಯಲ್ಲ, ಹೂಬಿಟ್ಟ ಮರ!

ಇವನ್ನು ವಾಸ್ತವಿಕ ಚಿತ್ರಗಳೆನ್ನಬಹುದೆ? ವೆಂಕಟಪ್ಪನವರ ಉದಕಮಂಡಲದ ಜಲವರ್ಣಗಳಲ್ಲಿರುವ ನಯವಾದ, ಸೂಕ್ಷ್ಮವಾದ ಕೆಲಸ ಇಲ್ಲಿಲ್ಲ. ಬಣ್ಣ ದಟ್ಟವಾಗಿದೆ, ಕೆಲವೆಡೆ ಅತಿಯೆನ್ನಿಸುವಷ್ಟು. ಆದರೂ ಮರ ಯಾವುದೆಂದು ಗುರುತಿಸಬಹುದು. ಹೂವಿನಿಂದ ತಿಂಗಳನ್ನೂ ಹೇಳಬಹುದು. ಚರಿತ್ರಕಾರನಿಗೆ ಬೇಕಾದ ವಾಸ್ತವಿಕತೆ ಇಷ್ಟೇ.

ಇಲ್ಲೊಂದು ಎಚ್ಚರ ಅವಶ್ಯಕ. ಈ ಚಿತ್ರಗಳ ಹಸುರನ್ನು ಬೆಂಗಳೂರಿನ ಸಹಜ ಅರಣ್ಯದ ಶೇಷವೆಂದು ನೋಡುಗರು ಭ್ರಮಿಸುವ ಸಂಭವವುಂಟು. ಈ ಪ್ರಸ್ಥಭೂಮಿಯದು ಮರಳುಮಿಶ್ರಿತ ಕೆಂಪುಮಣ್ಣು. ಬಯಲಿನಲ್ಲಿ ತಾನಾಗಿ ಬೆಳೆಯುವುದು ಹೆಚ್ಚಾಗಿ ಮುಳ್ಳುಪೊದೆ, ಕುರುಚಲು. ಗುಲ್‌ಮೊಹರ್ ಮಡಗಾಸ್ಕರಿನದು, ಜಕರಾಂಡ, ತಬೆಬುಯಾಗಳು ದಕ್ಷಿಣ ಅಮೆರಿಕದವು. ಜರ್ಮನಿಯ ಸಸ್ಯಶಾಸ್ತ್ರಜ್ಞ ಕ್ರುಂಬಿಗೆಲ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು 1932ರವರೆಗೆ ಇದ್ದರು. ಒಂದು ಜಾತಿಯ ಹೂ ಉದುರುವ ವೇಳೆಗೆ ಇನ್ನೊಂದು ಅರಳುವಂತೆ ಬೀದಿಬೀದಿಗೆ ಮರಗಳನ್ನು ಯೋಜಿಸಿದವರು ಅವರು. ಆ ಪರಂಪರೆಯನ್ನು ಮುಂದೆ ಮರೀಗೌಡರು ವಿಸ್ತರಿಸಿದರು. ಎಂದಮೇಲೆ ರುಮಾಲೆಯವರು ಬರೆದುದು ಕೇವಲ ಪ್ರಕೃತಿಯನ್ನಲ್ಲ. ಸಂಸ್ಥಾನದ ಆಡಳಿತವು ನೆಟ್ಟು, ಎರಡು ತಲೆಮಾರುಗಳಲ್ಲಿ ಬಲಿತ ಒಂದು ಕಾಡನ್ನು. ಅದನ್ನು ಸಹಜವೆಂಬಂತೆ ಅವರು ಕಂಡುದೇ, ಆ ಯೋಜನೆ ಜನರ ಕಣ್ಣಿಗೆ ಎಷ್ಟು ಒಗ್ಗಿಹೋಗಿತ್ತೆಂಬುದಕ್ಕೆ ಪ್ರಮಾಣ. ಇಂಥ ಪ್ರಮಾಣ ತೋಟಗಾರಿಕೆಯ ಕಡತಗಳಲ್ಲಿ ದೊರೆಯುವುದು ದುರ್ಲಭ.

ಈ ಆಕರಕ್ಕೆ ಮಿತಿಯೂ ಉಂಟು. ಗಿರಣಿ, ಕಾರ್ಮಿಕರ ಕೇರಿ, ಹೊಸ ಬಡಾವಣೆಗಳ ವಿಚಾರವಾಗಿ ಅವರ ಪ್ರಸಿದ್ಧ ಚಿತ್ರಗಳಿಂದ ತಿಳಿಯುವುದು ಅಲ್ಪ. ಅದಕ್ಕೆ ನಾವು ಪತ್ರಿಕೆಗಳನ್ನೇ ನೋಡಬೇಕು. ಅವುಗಳಲ್ಲಿ ಅವರೇ ಸಂಪಾದಿಸಿದುದೂ ಒಂದು.

ನಮ್ಮ ವಿದ್ಯಾರ್ಥಿಗಳು ಒಂದೊಂದು ಚಿತ್ರದ ಸ್ಥಳವನ್ನು ನಿರ್ಣಯಿಸಿ, ಕಬ್ಬನ್ ಪಾರ್ಕು, ಲಾಲ್‌ಬಾಗುಗಳಲ್ಲಿ ಇಂದು ನಿಂತಿರುವ ಮರಗಳೊಡನೆ ಹೋಲಿಸಿ ಪಟ್ಟಿಮಾಡುವ ಕೆಲಸದಿಂದ ತೊಡಗಬಹುದು.